ಪೇ ಸ್ಲಿಪ್‌ನ ಒಂದು ಸಾಲು, 31 ಗಂಟೆಯ ಧರಣಿ



ಇವತ್ತಿನ ಕಥೆ ಒಂದು ಪೇ ಸ್ಲಿಪ್‌ನಿಂದ ಶುರು. 2022ರ ಒಂದು ಸಂಜೆ ನಮ್ಮ ಪಕ್ಕದ ಮನೆ ಅಕ್ಕ ಅದನ್ನ ಮಡಚಿ ಕೈಯಲ್ಲಿ ಹಿಡ್ಕೊಂಡು ಬಂದರು. ಅವರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹದಿನಾಲ್ಕು ವರ್ಷದಿಂದ ಶರ್ಟಿಗೆ ಕಾಲರ್ ಕೂರಿಸ್ತಾರೆ. "ನೀನು ಬಿ.ಕಾಂ ಮಾಡಿದವನಲ್ವೇನೋ, ಇದೇನು ಅಂತ ನೋಡು" ಅಂದರು. ಸಂಬಳದ ಜೊತೆ ಸ್ವಲ್ಪ ದುಡ್ಡು ಜಾಸ್ತಿ ಬಂದಿತ್ತು. ಚೀಟಿಯಲ್ಲಿ 'ವಿಡಿಎ ಅರಿಯರ್ಸ್' ಅಂತ ಒಂದು ಸಾಲು.

"ತುಟ್ಟಿಭತ್ಯೆ ಬಾಕಿ ಅಕ್ಕ. ಬೆಲೆ ಏರಿದ ಹಾಗೆ ಸಂಬಳಕ್ಕೆ ಸೇರಿಸಬೇಕಾದ ದುಡ್ಡು. ಹಿಂದಿನದ್ದು ಈಗ ಕೊಟ್ಟಿದ್ದಾರೆ" ಎಂದೆ.

"ಅದು ಸರಿ. ಇಷ್ಟು ದಿನ ಕೊಡದೇ ಇದ್ದೋರು ಈಗ ಯಾಕೆ ಕೊಟ್ರು? ಯಾರು ಕೊಡಿಸಿದ್ರು?"

ಈ ಪ್ರಶ್ನೆಗೆ ನನ್ನ ಬಿ.ಕಾಂ ಹತ್ತಿರ ಉತ್ತರ ಇರಲಿಲ್ಲ. ಹುಡುಕ್ತಾ ಹೋದೆ. ಸಿಕ್ಕ ಎಳೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ನಮ್ಮ ಕನಿಷ್ಠ ವೇತನದ ಕಾನೂನು, ನಮ್ಮ ಹೈಕೋರ್ಟ್, ನಮ್ಮ ಕಾರ್ಮಿಕ ಸಂಘಗಳು. ಆದರೆ ಒಂದು ಎಳೆ ಮಾತ್ರ ಸಮುದ್ರ ದಾಟಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರ್ಹಮ್ ಎಂಬ ಊರಿನಲ್ಲಿ ಒಂದು ಯೂನಿವರ್ಸಿಟಿ ಆಫೀಸಿನ ನೆಲಕ್ಕೆ ಹೋಗಿ ನಿಂತಿತು. ದಿನಾಂಕ 1999ರ ಜನವರಿ 29. ಆ ನೆಲದ ಮೇಲೆ ಕಾಲೇಜು ಹುಡುಗ ಹುಡುಗಿಯರು ಕೂತಿದ್ದರು. ಅವರು ಕೇಳ್ತಾ ಇದ್ದದ್ದು ತುಂಬ ಸಣ್ಣ ವಿಷಯ: ನಮ್ಮ ಕಾಲೇಜಿನ ಹೆಸರಿರೋ ಬಟ್ಟೆ ಹೊಲಿಯೋ ಕಾರ್ಖಾನೆಯ ವಿಳಾಸ ಕೊಡಿ.

ಸ್ವೆಟ್‌ಶರ್ಟಿನ ಲೆಕ್ಕ

ಮೊದಲು ವ್ಯಾಪಾರ ಅರ್ಥ ಮಾಡ್ಕೊಳ್ಳೋಣ. ಅಮೆರಿಕದಲ್ಲಿ ಯೂನಿವರ್ಸಿಟಿ ಹೆಸರಿರೋ ಸ್ವೆಟ್‌ಶರ್ಟ್, ಟೋಪಿ, ಟೀ-ಶರ್ಟ್ ಅಂದರೆ ದೊಡ್ಡ ಮಾರುಕಟ್ಟೆ. ಓದುತ್ತಿರುವವರು, ಓದಿ ಹೋದವರು, ಅಪ್ಪ ಅಮ್ಮ, ಬಾಸ್ಕೆಟ್‌ಬಾಲ್ ನೋಡೋ ಊರಿನವರು, ಎಲ್ಲರೂ ಕೊಳ್ತಾರೆ. 1990ರ ದಶಕದ ಕೊನೆಗೆ ಇದು ವರ್ಷಕ್ಕೆ ಸುಮಾರು 250 ಕೋಟಿ ಡಾಲರ್ ವಹಿವಾಟು.

ಯೂನಿವರ್ಸಿಟಿ ತಾನೇ ಬಟ್ಟೆ ಹೊಲಿಸೋದಿಲ್ಲ. ತನ್ನ ಹೆಸರು, ಲೋಗೋ ಬಳಸಲು ಕಂಪನಿಗೆ ಲೈಸೆನ್ಸ್ ಕೊಡುತ್ತೆ. ಬದಲಿಗೆ ಸಗಟು ಬೆಲೆಯ ಮೇಲೆ ಸುಮಾರು 7ರಿಂದ 8 ಪರ್ಸೆಂಟ್ ರಾಯಲ್ಟಿ ತಗೊಳ್ಳುತ್ತೆ. ಲೈಸೆನ್ಸ್ ಪಡೆದ ಕಂಪನಿಯೂ ಸಾಮಾನ್ಯವಾಗಿ ತಾನೇ ಹೊಲಿಯೋದಿಲ್ಲ. ಯಾವುದೋ ದೇಶದ ಒಂದು ಕಾರ್ಖಾನೆಗೆ ಆರ್ಡರ್ ಕೊಡುತ್ತೆ. ಆ ಕಾರ್ಖಾನೆ ಕೆಲವೊಮ್ಮೆ ಇನ್ನೊಂದಕ್ಕೆ ದಾಟಿಸುತ್ತೆ. ಹೀಗೆ ಕೈಯಿಂದ ಕೈಗೆ ದಾಟುವಾಗ ಲಾಭ ಮೇಲಕ್ಕೆ ಹೋಗುತ್ತೆ, ಜವಾಬ್ದಾರಿ ಕೆಳಕ್ಕೆ ಜಾರುತ್ತೆ. 'ಸ್ವೆಟ್‌ಶಾಪ್' ಅನ್ನೋ ಪದ ಹುಟ್ಟಿದ್ದೂ ಹತ್ತೊಂಬತ್ತನೇ ಶತಮಾನದ ಇಂಥದೇ ಪದ್ಧತಿಯಿಂದ. ಆಗ ಗುತ್ತಿಗೆ ಹಿಡಿದ ಮಧ್ಯವರ್ತಿ ಹೊಲಿಯೋರ ಬೆವರು ಹಿಂಡಿ ತನ್ನ ಪಾಲು ತೆಗೀತಿದ್ದ.

ಇಲ್ಲಿ ನನ್ನದೊಂದು ವಿಷಯ ಹೇಳಿಬಿಡ್ತೀನಿ. ಫೈನಲ್ ಇಯರ್‌ನಲ್ಲಿ ನಮ್ಮ ಕಾಲೇಜು ಫೆಸ್ಟಿಗೆ ನಾನು ಟ್ರೆಷರರ್. ವಾಲಂಟಿಯರ್‌ಗಳಿಗೆ 400 ಟೀ-ಶರ್ಟ್ ಬೇಕಿತ್ತು. ಪುಸ್ತಕದಲ್ಲಿ ಓದಿದ ಹಾಗೇ ಮೂರು ಕೊಟೇಶನ್ ತರಿಸಿ ಕಡಿಮೆಯದ್ದಕ್ಕೆ ಓಕೆ ಎಂದೆ. ಪೀಸಿಗೆ 11 ರೂಪಾಯಿ ಉಳಿದಿತ್ತು, ಒಟ್ಟು 4,400. ಮೀಟಿಂಗ್‌ನಲ್ಲಿ ಚಪ್ಪಾಳೆ ಬಿತ್ತು. ಆ 11 ರೂಪಾಯಿ ಎಲ್ಲಿ ಕಡಿತ ಆಯ್ತು, ಯಾರಿಗೆ ಕಡಿತ ಆಯ್ತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಗಲೂ ಆ ಅಕ್ಕ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಓಡೋದನ್ನ ನಾನು ನೋಡ್ತಿದ್ದೆ.

ಬೇಲಿ ಹಾಕಿದ ಕಟ್ಟಡ, ಟಿವಿಯ ಹೆಸರು

ಅಮೆರಿಕದ ಹುಡುಗರಿಗೆ ಈ ಪ್ರಶ್ನೆ ಹೊಳೆದದ್ದು ಹೇಗೆ? ಎರಡು ಘಟನೆ ಮುಖ್ಯ.

1995ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ ಹತ್ತಿರದ ಎಲ್ ಮಾಂಟೆ ಎಂಬಲ್ಲಿ ಅಧಿಕಾರಿಗಳು ಒಂದು ಅಪಾರ್ಟ್‌ಮೆಂಟಿನ ಮೇಲೆ ದಾಳಿ ಮಾಡಿದರು. ಒಳಗೆ 72 ಮಂದಿ ಥಾಯ್ಲೆಂಡಿನ ಕೆಲಸಗಾರರು, ಹೆಚ್ಚಿನವರು ಹೆಂಗಸರು, ಮುಳ್ಳುತಂತಿ ಬೇಲಿಯ ಹಿಂದೆ ಕೂಡಿಹಾಕಲ್ಪಟ್ಟು ಬಟ್ಟೆ ಹೊಲೀತಿದ್ದರು. ಮರುವರ್ಷ, 1996ರಲ್ಲಿ, ಟಿವಿಯ ಹೆಸರಾಂತ ನಿರೂಪಕಿ ಕ್ಯಾಥಿ ಲೀ ಗಿಫರ್ಡ್ ಹೆಸರಿನಲ್ಲಿ ವಾಲ್‌ಮಾರ್ಟ್ ಮಾರುತ್ತಿದ್ದ ಬಟ್ಟೆಗಳನ್ನ ಹೊಂಡುರಾಸಿನಲ್ಲಿ ಚಿಕ್ಕ ಹುಡುಗಿಯರು ಹೊಲೀತಾರೆ ಅನ್ನೋದು ಬಯಲಾಯಿತು. ಅಮೆರಿಕದ ಮನೆಮನೆಯಲ್ಲೂ ಅದೇ ಮಾತು. ಅಧ್ಯಕ್ಷ ಕ್ಲಿಂಟನ್ ಕಂಪನಿಗಳನ್ನೂ ಮಾನವ ಹಕ್ಕು ಸಂಸ್ಥೆಗಳನ್ನೂ ಒಂದೇ ಟೇಬಲ್ಲಿಗೆ ಕರೆದು ನೀತಿಸಂಹಿತೆ ಮಾಡಿ ಎಂದರು.

1997ರ ಬೇಸಿಗೆ ರಜೆಯಲ್ಲಿ 'ಯುನೈಟ್' ಎಂಬ ಗಾರ್ಮೆಂಟ್ ಕಾರ್ಮಿಕರ ಯೂನಿಯನ್ನಿನಲ್ಲಿ ಕೆಲವು ವಿದ್ಯಾರ್ಥಿಗಳು ಇಂಟರ್ನ್ ಆಗಿದ್ದರು. ಯೂನಿವರ್ಸಿಟಿ ಬಟ್ಟೆಗಳು ಎಲ್ಲಿ ತಯಾರಾಗ್ತವೆ ಅಂತ ಹುಡುಕೋದೇ ಅಲ್ಲಿ ಅವರ ಕೆಲಸ. ರಜೆ ಮುಗಿಸಿ ಕ್ಯಾಂಪಸ್ಸಿಗೆ ಮರಳುವಾಗ ಆ ಪ್ರಶ್ನೆಯನ್ನೂ ಹೊತ್ತು ತಂದರು. 1998ರ ಬೇಸಿಗೆಯಲ್ಲಿ ಬೇರೆ ಬೇರೆ ಕ್ಯಾಂಪಸ್ಸಿನವರು ನ್ಯೂಯಾರ್ಕಿನಲ್ಲಿ ಸೇರಿ ಒಂದು ಸಂಘಟನೆ ಕಟ್ಟಿದರು. ಹೆಸರು, ಯುನೈಟೆಡ್ ಸ್ಟೂಡೆಂಟ್ಸ್ ಅಗೇನ್‌ಸ್ಟ್ ಸ್ವೆಟ್‌ಶಾಪ್ಸ್.

ವಿಳಾಸ ಕೊಡಿ

ಈಗ ಡ್ಯೂಕ್ ಯೂನಿವರ್ಸಿಟಿಗೆ ಬರೋಣ. ವಿದ್ಯಾರ್ಥಿಗಳ ಒತ್ತಾಯದಿಂದ 1998ರಲ್ಲೇ ಡ್ಯೂಕ್ ತನ್ನ ಲೈಸೆನ್ಸ್ ಕಂಪನಿಗಳಿಗೆ ಒಂದು ನೀತಿಸಂಹಿತೆ ತಂದಿತ್ತು. ಬಾಲಕಾರ್ಮಿಕರು ಇರಬಾರದು, ಸಂಘ ಕಟ್ಟೋ ಹಕ್ಕು ಇರಬೇಕು, ಹೀಗೆ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹಲವು ಯೂನಿವರ್ಸಿಟಿಗಳ ಪರವಾಗಿ ಲೈಸೆನ್ಸ್ ವ್ಯವಹಾರ ನೋಡ್ತಿದ್ದ ಕಂಪನಿ ಎಲ್ಲರಿಗೂ ಅನ್ವಯಿಸೋ ಹೊಸ ಕರಡು ತಂದಾಗ, ಅದರಲ್ಲಿ ಕಾರ್ಖಾನೆಗಳ ವಿಳಾಸ ಬಹಿರಂಗ ಮಾಡಬೇಕು ಅನ್ನೋ ಮಾತು ಇರಲಿಲ್ಲ.

ವಿಳಾಸಕ್ಕೆ ಇಷ್ಟೊಂದು ಹಟ ಯಾಕೆ? ಹೀಗೆ ಯೋಚಿಸಿ. ನೀವು ಆಡಿಟರ್. ಕಂಪನಿ ನಿಮಗೆ ಚಂದದ ಪಾಲಿಸಿ ಡಾಕ್ಯುಮೆಂಟ್ ಕೊಡುತ್ತೆ. ಗೋಡೌನ್ ಎಲ್ಲಿದೆ ಅಂತ ಮಾತ್ರ ಹೇಳಲ್ಲ. ಸ್ಟಾಕ್ ಎಣಿಸೋದು ಹೇಗೆ? ವಿಳಾಸ ಇಲ್ಲದ ನೀತಿಸಂಹಿತೆ ಹಾಗೇ. ಕಂಪನಿಗಳು ಇದು ವ್ಯಾಪಾರದ ಗುಟ್ಟು, ಹೇಳಿದರೆ ಪ್ರತಿಸ್ಪರ್ಧಿಗಳು ಲಾಭ ಮಾಡ್ಕೊಳ್ತಾರೆ ಎಂದವು. ವಿದ್ಯಾರ್ಥಿಗಳ ಉತ್ತರ ಸರಳ. ಒಂದೇ ಕಾರ್ಖಾನೆಯ ಒಂದು ಲೈನಿನಲ್ಲಿ ನಿಮ್ಮದು, ಪಕ್ಕದ ಲೈನಿನಲ್ಲಿ ನಿಮ್ಮ ಪ್ರತಿಸ್ಪರ್ಧಿಯದು ಹೊಲೀತಾರೆ. ಅವರಿಗೆ ಗೊತ್ತಿಲ್ಲದ ಗುಟ್ಟು ಯಾವುದು? ಗೊತ್ತಿಲ್ಲದೇ ಇರೋದು ನಮಗೆ ಮಾತ್ರ.

1999ರ ಜನವರಿ 29ರಂದು ಡ್ಯೂಕ್ ವಿದ್ಯಾರ್ಥಿಗಳು ಅಧ್ಯಕ್ಷೆ ನ್ಯಾನರಲ್ ಕೋಹೇನ್ ಅವರ ಕಚೇರಿಯಿದ್ದ ಆಲನ್ ಬಿಲ್ಡಿಂಗಿನಲ್ಲಿ ಕೂತರು. ಮೂವತ್ತು ವರ್ಷದ ಹಿಂದೆ, 1969ರಲ್ಲಿ, ಇದೇ ಕಟ್ಟಡವನ್ನ ಕಪ್ಪು ವಿದ್ಯಾರ್ಥಿಗಳು ತಮ್ಮ ಹಕ್ಕಿಗಾಗಿ ವಶಕ್ಕೆ ತಗೊಂಡಿದ್ದರು. ಈ ಸಲ ಧರಣಿ ನಡೆದದ್ದು 31 ಗಂಟೆ. ಒಂದು ವರ್ಷದೊಳಗೆ ಕಂಪನಿಗಳು ಕಾರ್ಖಾನೆಗಳ ವಿಳಾಸ ಬಹಿರಂಗ ಮಾಡಬೇಕು ಅನ್ನೋದಕ್ಕೆ ಯೂನಿವರ್ಸಿಟಿ ಒಪ್ಪಿತು.

ಆಮೇಲೆ ಸರಪಟಾಕಿ ಹಚ್ಚಿದ ಹಾಗೆ. ಫೆಬ್ರುವರಿಯಲ್ಲಿ ಜಾರ್ಜ್‌ಟೌನ್, 85 ಗಂಟೆ. ಅದೇ ತಿಂಗಳು ವಿಸ್ಕಾನ್ಸಿನ್, 97 ಗಂಟೆ. ಮಾರ್ಚ್‌ನಲ್ಲಿ ಮಿಷಿಗನ್, 51 ಗಂಟೆ. ಏಪ್ರಿಲ್‌ನಲ್ಲಿ ಅರಿಝೋನಾ, 225 ಗಂಟೆ. ಅಂದರೆ ಒಂಬತ್ತು ದಿನಕ್ಕೂ ಹೆಚ್ಚು.

ಅಕ್ಟೋಬರ್ ಬರೋ ಹೊತ್ತಿಗೆ ಆಗಲ್ಲ ಅಂತಿದ್ದದ್ದು ಆಯಿತು. ಯೂನಿವರ್ಸಿಟಿಗಳ ಬಟ್ಟೆ ತಯಾರಾಗೋ 40ಕ್ಕೂ ಹೆಚ್ಚು ಕಾರ್ಖಾನೆಗಳ ವಿಳಾಸವನ್ನ ನೈಕಿ ಪ್ರಕಟಿಸಿತು. ನೈಕಿ ಮುಳುಗಲಿಲ್ಲ. 2005ರಲ್ಲಿ ತನ್ನ 700ಕ್ಕೂ ಹೆಚ್ಚು ಪೂರೈಕೆದಾರ ಕಾರ್ಖಾನೆಗಳ ಪಟ್ಟಿಯನ್ನೇ ಹೊರಗಿಟ್ಟಿತು. ಇವತ್ತು ಬಹಳ ಬ್ರ್ಯಾಂಡುಗಳ ವೆಬ್‌ಸೈಟಿನಲ್ಲಿ ಇಂಥ ಪಟ್ಟಿ ಸಿಗುತ್ತೆ.

ಪರೀಕ್ಷೆ ಯಾರು ಮಾಡೋದು?

ವಿಳಾಸ ಸಿಕ್ಕಿತು. ಈಗ ಅಲ್ಲಿಗೆ ಹೋಗಿ ನೋಡೋರು ಯಾರು? ಕ್ಲಿಂಟನ್ ಕರೆದ ಟೇಬಲ್ಲಿನಿಂದ ಫೇರ್ ಲೇಬರ್ ಅಸೋಸಿಯೇಷನ್ ಅನ್ನೋ ಸಂಸ್ಥೆ ಹುಟ್ಟಿತ್ತು. ಅದರ ಆಡಳಿತ ಮಂಡಳಿಯಲ್ಲಿ ಬಟ್ಟೆ ಕಂಪನಿಗಳೂ ಇದ್ದವು. ವಿದ್ಯಾರ್ಥಿಗಳ ತಕರಾರು ಅಲ್ಲೇ. ಪರೀಕ್ಷೆ ಬರೆಯೋನೇ ಪೇಪರ್ ತಿದ್ದಿದರೆ ಫೇಲ್ ಆಗೋದು ಯಾರು?

ಹಾಗಾಗಿ 2000ದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ವರ್ಕರ್ ರೈಟ್ಸ್ ಕನ್ಸಾರ್ಶಿಯಮ್. ಇನ್ನು ಮುಂದೆ ಡಬ್ಲ್ಯುಆರ್‌ಸಿ ಅಂತೀನಿ. ಈ ಹೆಸರು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ. ಇದರ ಮಂಡಳಿಯಲ್ಲಿ ಮೂರು ಪಾಲು: ಯೂನಿವರ್ಸಿಟಿಗಳು, ವಿದ್ಯಾರ್ಥಿಗಳು, ಕಾರ್ಮಿಕ ಹಕ್ಕುಗಳ ತಜ್ಞರು. ಕಂಪನಿಗಳಿಗೆ ಜಾಗ ಇಲ್ಲ. ಖರ್ಚಿಗೆ ಸದಸ್ಯ ಯೂನಿವರ್ಸಿಟಿಗಳು ತಮ್ಮ ಲೈಸೆನ್ಸ್ ಆದಾಯದ 1 ಪರ್ಸೆಂಟ್ ಲೆಕ್ಕದಲ್ಲಿ ಕೊಡಬೇಕು. ಕೆಲಸದ ರೀತಿಯೂ ಬೇರೆ. ಮೊದಲೇ ತಿಳಿಸಿ ಹೋಗಿ, ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ "ಎಲ್ಲ ಚೆನ್ನಾಗಿದೆಯಾ" ಅಂತ ಕೇಳೋದಲ್ಲ. ಕಾರ್ಖಾನೆಯ ಹೊರಗೆ, ಕೆಲಸಗಾರರಿಗೆ ಧೈರ್ಯ ಇರೋ ಜಾಗದಲ್ಲಿ ಮಾತಾಡಿಸೋದು.

ಇದಕ್ಕೆ ಬೆಲೆ ತೆರಬೇಕಾಯಿತು. ಆ ವರ್ಷ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್‌ನಲ್ಲಿ ಪೊಲೀಸರು ಧರಣಿ ಕೂತಿದ್ದ 54 ಜನರನ್ನ ಬಂಧಿಸಿದರು. ಏಪ್ರಿಲ್‌ನಲ್ಲಿ ಒರೆಗಾನ್ ಯೂನಿವರ್ಸಿಟಿ ಡಬ್ಲ್ಯುಆರ್‌ಸಿ ಸೇರಿದಾಗ, ಅಲ್ಲಿಯ ಹಳೇ ವಿದ್ಯಾರ್ಥಿ ಮತ್ತು ದೊಡ್ಡ ದಾನಿ ಫಿಲ್ ನೈಟ್ ಇನ್ನು ಮುಂದೆ ದೇಣಿಗೆ ಇಲ್ಲ ಎಂದರು. ಸ್ಟೇಡಿಯಮ್ಮಿಗೆ ಬರಬೇಕಿದ್ದ 3 ಕೋಟಿ ಡಾಲರ್ ನಿಂತಿತು. ಫಿಲ್ ನೈಟ್ ಅಂದರೆ ನೈಕಿ ಕಟ್ಟಿದವರು. ಮುಂದೆ ಒರೆಗಾನ್ ಡಬ್ಲ್ಯುಆರ್‌ಸಿಯಿಂದ ದೂರ ಸರಿಯಿತು, ದೇಣಿಗೆಯೂ ಮತ್ತೆ ಶುರುವಾಯಿತು. ಎಲ್ಲ ಕ್ಯಾಂಪಸ್ಸಿನಲ್ಲೂ ಗೆದ್ದರು ಅಂತ ನಾನು ಹೇಳಿದರೆ ಸುಳ್ಳಾಗುತ್ತೆ.

ಹುಳ ಬಿದ್ದ ಊಟ, ಮುಚ್ಚಿದ ಗೇಟು

ಡಬ್ಲ್ಯುಆರ್‌ಸಿಗೆ ಮೊದಲ ದೊಡ್ಡ ಪರೀಕ್ಷೆ ಬಂದದ್ದು 2001ರ ಜನವರಿಯಲ್ಲಿ, ಮೆಕ್ಸಿಕೋದ ಅಟ್ಲಿಸ್ಕೊ ಎಂಬ ಊರಿನ ಕುಕ್‌ಡಾಂಗ್ ಕಾರ್ಖಾನೆಯಲ್ಲಿ. ಕೊರಿಯಾದವರ ಕಾರ್ಖಾನೆ. ನೈಕಿ, ರೀಬಾಕ್‌ಗೆ ಯೂನಿವರ್ಸಿಟಿ ಸ್ವೆಟ್‌ಶರ್ಟ್ ಹೊಲೀತಿತ್ತು. ಕ್ಯಾಂಟೀನಿನ ಊಟ ಕೊಳೆತಿರುತ್ತೆ, ಹುಳ ಇರುತ್ತೆ ಅಂತ ಪ್ರತಿಭಟಿಸಿದ್ದಕ್ಕೆ ಐವರನ್ನ ಕೆಲಸದಿಂದ ತೆಗೆದರು. 800ರಷ್ಟು ಜನ ಮಷೀನ್ ಬಿಟ್ಟು ಎದ್ದರು. ಪೊಲೀಸರು ಬಂದು ಚದುರಿಸಿದರು.

ಹಿಂದಾಗಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಈಗ ವಿಳಾಸ ಗೊತ್ತಿತ್ತು. ಕೆಲವೇ ದಿನಗಳಲ್ಲಿ ಡಬ್ಲ್ಯುಆರ್‌ಸಿ ತಂಡ ಹೋಗಿ ಕೆಲಸಗಾರರನ್ನ ಮಾತಾಡಿಸಿ ವರದಿ ಕೊಟ್ಟಿತು. ಕ್ಯಾಂಪಸ್ಸುಗಳು ಬ್ರ್ಯಾಂಡುಗಳನ್ನ ಕೇಳಿದವು, ಬ್ರ್ಯಾಂಡುಗಳು ಕಾರ್ಖಾನೆಯನ್ನ ಕೇಳಿದವು. ಕೆಲಸ ಕಳ್ಕೊಂಡವರಿಗೆ ಮರಳುವ ದಾರಿ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಕೆಲಸಗಾರರೇ ಕಟ್ಟಿಕೊಂಡ ಸ್ವತಂತ್ರ ಸಂಘದ ಜೊತೆ ಕಾರ್ಖಾನೆ ಒಪ್ಪಂದಕ್ಕೆ ಸಹಿ ಹಾಕಿತು. ಮೆಕ್ಸಿಕೋದ ರಫ್ತು ಗಾರ್ಮೆಂಟ್ಸ್‌ನಲ್ಲಿ ಅದು ಅಪರೂಪದ ಸಂಗತಿ.

ಇನ್ನೊಂದು, ಹೊಂಡುರಾಸಿನ ಚೊಲೋಮಾದ್ದು. ಅಲ್ಲಿ ರಸೆಲ್ ಕಂಪನಿಯ ಕಾರ್ಖಾನೆಯಲ್ಲಿ 1,200 ಜನ ಸಂಘ ಕಟ್ಟಿದ್ದರು. 2009ರ ಜನವರಿಯಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ್ದಕ್ಕೆ ಸಂಘದ ಮೇಲಿನ ದ್ವೇಷವೂ ದೊಡ್ಡ ಕಾರಣ ಅಂತ ಡಬ್ಲ್ಯುಆರ್‌ಸಿ ವರದಿ ಹೇಳಿತು. ಕೆಲಸ ಕಳ್ಕೊಂಡವರು ಅಮೆರಿಕದ ಕಾಲೇಜುಗಳಿಗೆ ಹೋಗಿ ತಮ್ಮ ಕಥೆ ತಾವೇ ಹೇಳಿದರು. ಒಂದೊಂದಾಗಿ ಸುಮಾರು ನೂರು ಯೂನಿವರ್ಸಿಟಿಗಳು ರಸೆಲ್ ಲೈಸೆನ್ಸ್ ನಿಲ್ಲಿಸಿದವು. ನವೆಂಬರಿನಲ್ಲಿ ಕಂಪನಿ ಮಣಿಯಿತು: ಹೊಸ ಕಾರ್ಖಾನೆ ತೆರೆದು 1,200 ಜನರಿಗೂ ಮತ್ತೆ ಕೆಲಸ, ಸಂಘಕ್ಕೆ ಮಾನ್ಯತೆ. ಹೊಸ ಕಾರ್ಖಾನೆಯ ಹೆಸರು ನುಯೆವೊ ದಿಯಾ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಹೊಸ ದಿನ.

ಭಗವತಿ ಅವರ ಪ್ರಶ್ನೆ

ಇಲ್ಲಿ ಒಂದು ತಕರಾರು ಇದೆ, ಅದನ್ನ ಬಿಟ್ಟು ಮುಂದೆ ಹೋಗೋದು ಸರಿಯಲ್ಲ. 2000ದಲ್ಲಿ ಭಾರತ ಮೂಲದ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಮತ್ತು ಇನ್ನೂ ಹಲವರು ಯೂನಿವರ್ಸಿಟಿ ಅಧ್ಯಕ್ಷರಿಗೆ ಪತ್ರ ಬರೆದರು. ಅವರ ವಾದದ ಸಾರ ಹೀಗೆ. ಹೊರಗಿನಿಂದ ಒತ್ತಡ ತಂದು ವೇತನ ಏರಿಸಿದರೆ ಆ ಕೆಲಸಗಳೇ ಬಡ ದೇಶಗಳನ್ನ ಬಿಟ್ಟು ಹೋಗಬಹುದು. ಆಗ ನಷ್ಟ ಯಾರಿಗೆ? ನೀವು ಯಾರಿಗೆ ಸಹಾಯ ಮಾಡೋಕೆ ಹೊರಟಿರೋ ಅವರಿಗೇ.

ಕ್ಲಾಸಿನಲ್ಲಿ ಕೂತು ಕೇಳಿದ್ದರೆ ನಾನು ಪೂರ್ತಿ ತಲೆ ಆಡಿಸ್ತಿದ್ದೆ. ಇದರಲ್ಲಿ ನಿಜವೂ ಇದೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿಜೆ ಅಂಡ್ ಬಿ ಅನ್ನೋ ಟೋಪಿ ಕಾರ್ಖಾನೆಯಲ್ಲಿ ಸಂಘ ಗೆದ್ದಿತ್ತು. 2007ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಅಕ್ಕನ ಭಯವೂ ಇದೇ. ಸಂಬಳ ಕಡಿಮೆ ಅಂತ ಬೈತಾರೆ, ಕಾರ್ಖಾನೆ ಮುಚ್ಚುತ್ತಂತೆ ಅನ್ನೋ ಸುದ್ದಿ ಬಂದರೆ ರಾತ್ರಿ ನಿದ್ದೆ ಮಾಡಲ್ಲ.

ಆದರೆ ಕುಕ್‌ಡಾಂಗ್, ರಸೆಲ್ ಎರಡರಲ್ಲೂ ವಿದ್ಯಾರ್ಥಿಗಳು ಕೇಳಿದ್ದನ್ನ ಗಮನಿಸಿ. "ಆ ಕಾರ್ಖಾನೆಯ ಬಟ್ಟೆ ಬೇಡ, ಬೇರೆ ಕಡೆ ಹೋಗಿ" ಅಂತ ಅವರು ಹೇಳಲಿಲ್ಲ. ಅಲ್ಲೇ ಇರಿ, ಆರ್ಡರ್ ಕೊಡಿ, ಸರಿ ಮಾಡಿ ಎಂದರು. ಕೊಳೆತ ಊಟದ ಬಗ್ಗೆ ದೂರಿದರೆ ಕೆಲಸ ಹೋಗಬಾರದು ಅನ್ನೋದಕ್ಕೆ ಅರ್ಥಶಾಸ್ತ್ರದ ಯಾವ ಸೂತ್ರವೂ ಅಡ್ಡ ಬರೋದಿಲ್ಲ. ಬಿಜೆ ಅಂಡ್ ಬಿ ಮುಚ್ಚಿದ ಅದೇ ಊರಿನಲ್ಲಿ 2010ರಲ್ಲಿ 'ಆಲ್ಟಾ ಗ್ರೇಸಿಯಾ' ಎಂಬ ಹೊಸ ಕಾರ್ಖಾನೆ ಶುರುವಾಯಿತು. ಅದು ಅಲ್ಲಿಯ ಕನಿಷ್ಠ ವೇತನದ ಮೂರು ಪಟ್ಟಿನಷ್ಟು ಸಂಬಳ ಕೊಟ್ಟು ಯೂನಿವರ್ಸಿಟಿಗಳಿಗೆ ಬಟ್ಟೆ ಮಾರಿತು.

ಮತ್ತೆ ಆ ಪೇ ಸ್ಲಿಪ್

ಈಗ ಬೆಂಗಳೂರಿಗೆ ವಾಪಸ್. ಬ್ರ್ಯಾಂಡುಗಳ ಆ ಕಾರ್ಖಾನೆ ಪಟ್ಟಿಗಳನ್ನ ತೆರೆದು ನೋಡಿ. ಅವುಗಳಲ್ಲಿ ನಮ್ಮ ಬೆಂಗಳೂರೂ ಇರುತ್ತೆ. ಹೀಗಾಗಿ ಡಬ್ಲ್ಯುಆರ್‌ಸಿ ಇಲ್ಲಿಗೂ ಬಂತು. 2018ರಲ್ಲಿ ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಒಂದು ಘಟಕದಲ್ಲಿ ಸಂಬಳ, ಸಾರಿಗೆ, ಶುದ್ಧ ನೀರು ಕೇಳಿದ ಕೆಲಸಗಾರರ ಮೇಲೆ ಹಲ್ಲೆಯಾಗಿದೆ, 15 ಜನರನ್ನ ಹೊರಹಾಕಿದ್ದಾರೆ ಅಂತ ವರದಿ ಮಾಡಿತು. ಆ 15 ಜನರನ್ನೂ ಕಂಪನಿ ವಾಪಸ್ ಕೆಲಸಕ್ಕೆ ತಗೊಂಡಿತು.

ಆಮೇಲೆ ತುಟ್ಟಿಭತ್ಯೆ. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ಕ್ಕೆ ಇದನ್ನ ಕನಿಷ್ಠ ವೇತನಕ್ಕೆ ಸೇರಿಸಬೇಕು. 2020ರ ಏಪ್ರಿಲ್‌ನಿಂದ ಸೇರಬೇಕಿದ್ದದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಹೊತ್ತಲ್ಲಿ ರಾಜ್ಯ ಸರ್ಕಾರ ಅದನ್ನ ಮುಂದೂಡಿತು. ಕಾರ್ಮಿಕರ ಕಡೆಯವರು ಕೋರ್ಟಿಗೆ ಹೋದರು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಕಾರ್ಮಿಕರ ಪರ ಆದೇಶ ಕೊಟ್ಟಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರಿಗೆ ಬಾಕಿ ಇದೆ ಅಂತ ಲೆಕ್ಕ ಹಾಕಿ, ಡಬ್ಲ್ಯುಆರ್‌ಸಿ ಇಲ್ಲಿಂದ ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡುಗಳ ಬಾಗಿಲು ತಟ್ಟಿತು. ಇಲ್ಲಿ ಸಂಘಗಳು ಬಿಡಲಿಲ್ಲ. 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ಸಮೇತ ಕೊಡೋಕೆ ಒಪ್ಪಿದವು.

ಅದೇ ಆ ಪೇ ಸ್ಲಿಪ್‌ನ ಸಾಲು. ಅಮೆರಿಕದ ಹುಡುಗರು ಕೊಡಿಸಿದರು ಅಂತ ನಾನು ಹೇಳ್ತಾ ಇಲ್ಲ. ಕೋರ್ಟಿನಲ್ಲಿ ನಿಂತವರು, ಗೇಟ್ ಹತ್ತಿರ ಪಾಂಪ್ಲೆಟ್ ಹಂಚಿದವರು ಇಲ್ಲಿಯವರು. ಆದರೆ 1999ರಲ್ಲಿ ಕೆಲವರು ನೆಲದ ಮೇಲೆ ಕೂತು ವಿಳಾಸ ಕೇಳದೇ ಇದ್ದಿದ್ದರೆ, ಇಲ್ಲಿಯವರ ದೂರನ್ನ ಬ್ರ್ಯಾಂಡಿನ ಮೇಜಿಗೆ ಮುಟ್ಟಿಸೋ ಒಂದು ದಾರಿ ಕಡಿಮೆ ಇರ್ತಿತ್ತು.

ಈ ಕಥೆಯನ್ನ ಹೋದ ವಾರ ಅಕ್ಕನಿಗೆ ಹೇಳಿದೆ. ಬೀನ್ಸ್ ಮುರೀತಾ ಕೇಳಿಸ್ಕೊಂಡರು. "ಮೂವತ್ತೊಂದು ಗಂಟೆ ಕೂತಿದ್ದಕ್ಕೇ ಕೊಟ್ಟುಬಿಟ್ರಾ? ನಾವು ಹದಿನಾಲ್ಕು ವರ್ಷದಿಂದ ಕೂತೇ ಇದೀವಲ್ಲೋ" ಅಂತ ನಕ್ಕರು. ಆಮೇಲೆ ಕೇಳಿದರು, "ನಿಮ್ಮ ಕಾಲೇಜಲ್ಲೂ ಯಾರಾದ್ರೂ ಹಂಗೆ ಕೇಳಿದ್ರಾ?"

400 ಟೀ-ಶರ್ಟಿನ ಕಥೆಯನ್ನ ಅವರಿಗೂ ಹೇಳಿದೆ. ಅವರು ಬೈಯಲಿಲ್ಲ. "ಟೀ-ಶರ್ಟ್ ಅಂದ್ರೆ ಪೀಸ್ ರೇಟ್ ಬಿದ್ದಿರುತ್ತೆ" ಅಂದು, ಒಬ್ಬರು ಗಂಟೆಗೆ ಎಷ್ಟು ತೋಳು ಕೂರಿಸಬಹುದು ಅಂತ ಬೆರಳೆಣಿಸಿ ಲೆಕ್ಕ ಹಾಕೋಕೆ ಶುರು ಮಾಡಿದರು. ನನ್ನ ಮೂರು ಕೊಟೇಶನ್ನಿನಲ್ಲಿ ಇಲ್ಲದೇ ಇದ್ದ ಲೆಕ್ಕ ಅದು.

ನಿಮ್ಮಲ್ಲಿ ಯಾರಾದರೂ ಈ ಸಲ ಫೆಸ್ಟ್ ಟ್ರೆಷರರ್ ಆಗಿದ್ದರೆ, ಕೊಟೇಶನ್ ಕೊಡೋರಿಗೆ ಒಂದೇ ಒಂದು ಪ್ರಶ್ನೆ ಜಾಸ್ತಿ ಕೇಳಿ: ಎಲ್ಲಿ ಹೊಲಿಸ್ತೀರಿ, ವಿಳಾಸ ಬರೆದು ಕೊಡ್ತೀರಾ? ಏನು ಉತ್ತರ ಬಂತು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಕೇಳಿಸೋಣ.